ಅಡಕೆಯ ಪಾಠ, ಕಬ್ಬಿಣದ ಪಾಠ

ಕಳೆದ ತಿಂಗಳು ಶ್ರೀಮಠದ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ದೊಡ್ಡ ಕಟ್ಟನ್ನು ಹೊತ್ತು ನಮ್ಮ ದರ್ಶನಕ್ಕೆ ಬಂದಿದ್ದರು. ಅವರು ಚಿಕ್ಕಂದಿನಲ್ಲಿ ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿದವರು. ಈಗ ಶಿಕ್ಷಕರಾಗಿದ್ದು, ಶಿಕ್ಷಣ ಮನೋವಿಜ್ಞಾನದಲ್ಲಿ ಸಂಶೋಧನೆ ಕೈಗೊಂಡಿದ್ದಾರೆ. ಕಟ್ಟನ್ನು ಬಿಚ್ಚಿದಾಗ ಬಣ್ಣಬಣ್ಣದ ಕಾರ್ಡುಗಳು, ಚಿತ್ರಗಳು, ಚಿಕ್ಕ ಚಿಕ್ಕ ಪಾಠಗಳು ಹೊರಬಂದವು. "ಮಕ್ಕಳ ಮೇಲೆ ಪ್ರಯೋಗ ಮಾಡಲು ಇವನ್ನು ಸಿದ್ಧಪಡಿಸಿದ್ದೇನೆ ಬುದ್ಧೀ. ತಾವೊಮ್ಮೆ ನೋಡಿ ಆಶೀರ್ವದಿಸಿದರೆ ಬರುವ ಸೋಮವಾರದಿಂದ ಶಾಲೆಗಳಿಗೆ ಒಯ್ಯುತ್ತೇನೆ" ಎಂದರು. ನಾವು ಆಶೀರ್ವದಿಸುವ ಬದಲು ಅವರನ್ನು ಕುಳ್ಳಿರಿಸಿಕೊಂಡು ನಮ್ಮದೇ ಒಂದು ಹಳೆಯ ಕಥೆಯನ್ನು ಹೇಳಿದೆವು. ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಶಿಕ್ಷಕ ವೃತ್ತಿಯವರು ಬಹುಮಂದಿ ಇರುವುದರಿಂದ ಅದನ್ನು ಇಲ್ಲಿಯೂ ಬರೆಯುವುದು ಉಚಿತವೆಂದು ತೋರಿತು. ಅದು ನಮ್ಮ ಸಾಧನೆಯ ಕಥೆಯಲ್ಲ, ತಪ್ಪಿನ ಕಥೆ.

ಸಂಶೋಧನೆಗಾಗಿ ರಚಿಸುವ ಕಲಿಕಾ ಸಾಮಗ್ರಿಯೆಂದರೆ ಏನೆಂಬುದನ್ನು ಮೊದಲು ಸ್ವಲ್ಪ ವಿವರಿಸಬೇಕು. ಪಠ್ಯಪುಸ್ತಕದ ಪಾಠವು ಮಗುವಿಗೆ ಕಲಿಸುವುದಕ್ಕಾಗಿ ಇರುವಂಥದು. ಸಂಶೋಧನೆಯ ಪಾಠವಾದರೋ ಮಗುವು ಹೇಗೆ ಕಲಿಯುತ್ತದೆ ಎಂಬುದನ್ನು ಅರಿಯುವುದಕ್ಕಾಗಿ ಇರುವಂಥದು. ಅದು ಅಂಗಡಿಯ ತಕ್ಕಡಿಯಲ್ಲಿಡುವ ತೂಕದ ಬಟ್ಟಿನಂತೆ. ಬಟ್ಟಿನ ತೂಕದಲ್ಲಿಯೇ ವ್ಯತ್ಯಾಸವಿದ್ದರೆ ಬೆಲ್ಲದ ತೂಕ ಸರಿಯಾಗಿ ತಿಳಿಯಲಾರದು. ಎರಡು ಕಲಿಕಾ ವಿಧಾನಗಳನ್ನು ಹೋಲಿಸಬೇಕಾದರೆ ಆ ವಿಧಾನವೊಂದನ್ನುಳಿದು ಮಿಕ್ಕೆಲ್ಲವೂ ಸಮನಾಗಿರಬೇಕು. ಪಾಠದ ಉದ್ದ, ಪದಗಳ ಕಾಠಿಣ್ಯ, ವಾಕ್ಯದ ಅಳತೆ, ವಿಷಯದ ಪರಿಚಯ, ಪ್ರಶ್ನೆಗಳ ಸಂಖ್ಯೆ ಇವೆಲ್ಲವನ್ನೂ ಸಮಗೊಳಿಸುವುದೇ ಈ ಕೆಲಸದ ಮುಕ್ಕಾಲು ಪಾಲು ಶ್ರಮ.

ಈ ತೊಡಕು ಹೊಸದಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸರು ನೆನಪು ಮತ್ತು ಮರೆವುಗಳನ್ನು ಕುರಿತ ತಮ್ಮ ಪ್ರಯೋಗಗಳನ್ನು 1885ರಲ್ಲಿ ಪ್ರಕಟಿಸಿದರು. ಅರ್ಥವಿರುವ ಪದಗಳನ್ನು ಬಳಸಿದರೆ ಕಲಿಯುವವನ ಹಿಂದಿನ ತಿಳಿವಳಿಕೆಯು ಅದರಲ್ಲಿ ಸೇರಿಕೊಳ್ಳುವುದೆಂದು ಶಂಕಿಸಿ, ಅವರು ಅರ್ಥವೇ ಇಲ್ಲದ ಸುಮಾರು 2300 ಉಚ್ಚಾರಾಂಶಗಳನ್ನು ರಚಿಸಿಕೊಂಡು, ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು ಕಂಠಪಾಠ ಮಾಡಿದರು. ಆದರೆ ಅರ್ಥಹೀನವಾದುದನ್ನು ಯಾವ ಶಾಲೆಯೂ ಕಲಿಸುವುದಿಲ್ಲವಷ್ಟೆ. ಇಂಗ್ಲೆಂಡಿನ ಫ್ರೆಡರಿಕ್ ಬಾರ್ಟ್ಲೆಟ್ ಅವರು 1932ರಲ್ಲಿ ಇದಕ್ಕೆ ಎದುರಾದ ಮಾರ್ಗವನ್ನು ತೋರಿಸಿದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟು ಬಳಿಕ ನೆನಪಿನಿಂದ ಹೇಳಿಸಿದಾಗ, ಅವರು ತಮಗೆ ಅಪರಿಚಿತವಾದುದನ್ನು ಬಿಟ್ಟು, ಉಳಿದುದನ್ನು ತಮ್ಮ ನಾಡಿನ ರೀತಿಗೆ ಒಗ್ಗಿಸಿಕೊಂಡು ಹೇಳಿದರು. ಮನಸ್ಸು ಬರಿಯ ಪಾತ್ರೆಯಲ್ಲ, ಅದರಲ್ಲಿ ಮೊದಲೇ ಏನೋ ಇರುತ್ತದೆ ಎಂಬುದು ಇದರಿಂದ ತಿಳಿಯಿತು.

ನಮ್ಮ ಕನ್ನಡ ನಾಡಿನಲ್ಲಿಯೂ ಈ ಕೆಲಸಕ್ಕೆ ಹಿರಿಯರ ಮೇಲ್ಪಂಕ್ತಿಯಿದೆ. ಫ್ರಾನ್ಸಿನ ಆಲ್‌ಫ್ರೆಡ್ ಬಿನೆ ಅವರು 1905ರಲ್ಲಿ ರೂಪಿಸಿದ ಬುದ್ಧಿಪರೀಕ್ಷೆಯು ಅಮೆರಿಕದಲ್ಲಿ ಪರಿಷ್ಕಾರಗೊಂಡು ಲೋಕವೆಲ್ಲ ಹರಡಿದ ಕಾಲದಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸುವ ಕಾರ್ಯಕ್ಕೆ ಕೈಹಾಕಿದರು. 1934ರಲ್ಲಿ ಆ ಪರಿಷ್ಕರಣದ ವಿವರ ಪ್ರಕಟವಾಯಿತು. 1940ರಲ್ಲಿ ಗ್ರಂಥರೂಪ ತಾಳಿತು. ಪರದೇಶದ ಮಗುವಿಗೆ ಕೇಳುವ ಪ್ರಶ್ನೆಯನ್ನು ಬರಿದೆ ಅನುವಾದಿಸಿ ಧಾರವಾಡದ ಮಗುವಿಗೆ ಕೇಳಲಾಗದು, ಇಲ್ಲಿನ ಮಕ್ಕಳನ್ನೇ ಕೇಳಿ ನೋಡಿ ಅದರ ಕ್ರಮವನ್ನು ಗೊತ್ತುಪಡಿಸಬೇಕು ಎಂಬುದೇ ಅವರ ಶ್ರಮದ ತಿರುಳು. ವಿಶ್ವವಿದ್ಯಾನಿಲಯದಲ್ಲಿ ನಾವು ಇದನ್ನೆಲ್ಲ ಓದಿ, ಪರೀಕ್ಷೆಯಲ್ಲಿ ಬರೆದು, ಒಳ್ಳೆಯ ಅಂಕಗಳನ್ನೂ ಪಡೆದಿದ್ದೆವು. ಓದಿದ ಮಾತು ಆಚರಣೆಗೆ ಬರುವುದು ಬೇರೆಯೇ ಸಂಗತಿ.

1996ನೆಯ ಇಸವಿ. ಆಗ ನಾವಿನ್ನೂ ಪೀಠದ ಹೊಣೆ ಹೊತ್ತಿರಲಿಲ್ಲ. ಪಾಠಶಾಲೆಯಲ್ಲಿ ಅಮರಕೋಶ, ವ್ಯಾಕರಣ, ತರ್ಕಗಳನ್ನು ಕಲಿತ ಮೇಲೆ, ಹಿರಿಯ ಗುರುಗಳ ಅಪ್ಪಣೆಯಂತೆ ವಿಶ್ವವಿದ್ಯಾನಿಲಯವನ್ನು ಸೇರಿ ಶಿಕ್ಷಣಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದೆವು. ಅಮರಕೋಶವೂ ಒಂದು ಕಲಿಕಾ ಸಾಮಗ್ರಿಯೇ ಅಲ್ಲವೇ? ದೇವತೆಗಳ ಹೆಸರು ಒಂದು ಕಡೆ, ಮರಗಿಡಗಳ ಹೆಸರು ಇನ್ನೊಂದು ಕಡೆ ಎಂದು ಪದಗಳನ್ನು ಅರ್ಥಾನುಸಾರವಾಗಿ ವರ್ಗವರ್ಗವಾಗಿ ಜೋಡಿಸಿ, ಛಂದಸ್ಸಿನಲ್ಲಿ ಕಟ್ಟಿಕೊಟ್ಟಿರುವುದು ನೆನಪಿಗೆ ಅನುಕೂಲವಾಗಲೆಂದೇ. ಬಾಲ್ಯದಲ್ಲಿ ಅದನ್ನು ಬಾಯಿಪಾಠ ಮಾಡಿದ್ದ ನಮಗೆ ಸ್ಮರಣೆಯ ವಿಷಯದಲ್ಲಿ ಸಹಜವಾಗಿಯೇ ಆಸಕ್ತಿ ಹುಟ್ಟಿತು. ಅಮೆರಿಕದ ಅರ್ನ್ಸ್ಟ್ ರಾತ್‌ಕಾಫ್ ಎಂಬವರು ಪಾಠದ ನಡುನಡುವೆ ಪ್ರಶ್ನೆಗಳನ್ನಿಟ್ಟರೆ ಓದುವವರ ನೆನಪಿಗೆ ಏನಾಗುವುದೆಂದು ಪರೀಕ್ಷಿಸಿ 1966ರಲ್ಲಿ ಬರೆದಿದ್ದರು. ಅದೇ ಪ್ರಶ್ನೆಯನ್ನು ನಮ್ಮ ಏಳನೆಯ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಪರೀಕ್ಷಿಸಬೇಕೆಂದು ನಿಶ್ಚಯಿಸಿದೆವು. ಶಿವಮೊಗ್ಗ ನಗರದಲ್ಲಿ ಒಂದು ಶಾಲೆ, ಭದ್ರಾವತಿಯಲ್ಲಿ ಒಂದು ಶಾಲೆ ಒಪ್ಪಿಗೆ ನೀಡಿದವು.

ಪಾಠವನ್ನು ನಾವೇ ಬರೆಯಬೇಕಾಗಿತ್ತು. ಪಠ್ಯಪುಸ್ತಕದ ಪಾಠವನ್ನೇ ತೆಗೆದುಕೊಂಡರೆ ಕೆಲವರು ಮೊದಲೇ ಓದಿರುತ್ತಾರಲ್ಲವೇ? ಆದಕಾರಣ 'ಅಡಕೆ: ತೋಟದಿಂದ ಮಾರುಕಟ್ಟೆಗೆ' ಎಂಬ ಸುಮಾರು ಆರುನೂರು ಪದಗಳ ಪಾಠವೊಂದನ್ನು ರಚಿಸಿದೆವು. ಕೊನೆಗಾರನು ಮರವೇರಿ ಕೊನೆಯನ್ನು ಇಳಿಸುವುದು, ಮೆಟ್ಟುಗತ್ತಿಯಿಂದ ಸುಲಿಯುವುದು, ಹಂಡೆಯಲ್ಲಿ ಬೇಯಿಸುವುದು, ಚೊಗರಿನಲ್ಲಿ ಅದ್ದಿ ಬಣ್ಣ ಬರಿಸುವುದು, ಬಿಸಿಲಿಗೆ ಹರವುವುದು, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವುದು, ಹಾಳೆಯ ಉಪಯೋಗಗಳು ಹೀಗೆ ಒಂದೊಂದು ಹಂತಕ್ಕೂ ಒಂದೊಂದು ಪರಿಚ್ಛೇದ. ಮೂರು ತಿಂಗಳ ಕಾಲ ಪದಗಳನ್ನು ಎಣಿಸಿದ್ದೇ ಎಣಿಸಿದ್ದು. ವಾಕ್ಯಗಳನ್ನು ಅಳೆದದ್ದೇ ಅಳೆದದ್ದು. ಸ್ಟೆನ್ಸಿಲ್ ಕೊಯ್ದು, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿಗಳನ್ನು ತೆಗೆದು, ಕೈಗೆ ಮಸಿ ಮೆತ್ತಿಕೊಂಡು ಜೋಡಿಸಿದೆವು. ಅರ್ಧದಷ್ಟು ಪ್ರತಿಗಳಲ್ಲಿ ನಡುನಡುವೆ ಪ್ರಶ್ನೆಗಳು. ಉಳಿದರ್ಧದಲ್ಲಿ ಬರಿಯ ಪಾಠ.

ನಿಯಮದಂತೆ ಮೊದಲು ಪ್ರಾಯೋಗಿಕವಾಗಿ ಪರೀಕ್ಷಿಸಿ ನೋಡಬೇಕು. ಅದನ್ನೂ ಮಾಡಿದೆವು. ಎಲ್ಲಿ? ನಮ್ಮದೇ ಪ್ರಸಾದ ನಿಲಯದ ಹುಡುಗರ ಮೇಲೆ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಗಳಿಂದ ಬಂದ ರೈತರ ಮಕ್ಕಳು ಅವರು. ಸಲೀಸಾಗಿ ಓದಿದರು, ಸಲೀಸಾಗಿ ಉತ್ತರಿಸಿದರು. "ಬಹಳ ಸುಲಭ ಇದೆ ಬುದ್ಧೀ" ಎಂದರು. ಪಾಠ ಸಿದ್ಧವಾಯಿತೆಂದು ನಾವು ಸಂತೋಷಪಟ್ಟೆವು. ತಪ್ಪಿನ ಬೇರು ಇದ್ದುದು ಇಲ್ಲಿಯೇ. ಅಡಕೆಯ ಕೊಯ್ಲಿನ ಕಾಲದಲ್ಲಿ ರಜೆ ಹಾಕಿ ಮನೆಗೆ ಹೋಗಿ ಸುಲಿಯಲು ಕುಳಿತುಕೊಳ್ಳುವ ಹುಡುಗರಿಗೆ ಅಡಕೆಯ ಪಾಠವು ಸುಲಭವಾಗಿ ಕಂಡರೆ ಆಶ್ಚರ್ಯವೇನು? ಅವರು ನಮ್ಮ ಪಾಠವನ್ನು ಓದಿ ಉತ್ತರಿಸಿದರೋ, ತಮ್ಮ ಅಂಗಳವನ್ನು ನೆನೆದು ಉತ್ತರಿಸಿದರೋ ಎಂದು ನಾವು ಕೇಳಿಕೊಳ್ಳಲಿಲ್ಲ.

ಶಿವಮೊಗ್ಗದ ಶಾಲೆಯಲ್ಲಿ ಪರೀಕ್ಷೆ ಚೆನ್ನಾಗಿ ನಡೆಯಿತು. ಅಲ್ಲಿನ ಮಕ್ಕಳಲ್ಲಿ ಹಲವರ ಮನೆಯವರಿಗೆ ತೋಟದ ಸಂಬಂಧವೋ, ಅಡಕೆ ಮಂಡಿಯ ಸಂಬಂಧವೋ ಇತ್ತು. ಬಳಿಕ ಬಸ್ಸಿನಲ್ಲಿ ಕಟ್ಟುಗಳನ್ನು ಹೇರಿಕೊಂಡು ಭದ್ರಾವತಿಗೆ ಹೋದೆವು. ದಾರಿ ಇಪ್ಪತ್ತು ಕಿಲೋಮೀಟರಿನಷ್ಟು ಮಾತ್ರ. ಆದರೆ ಆ ಊರಿನ ಬದುಕು ಬೇರೆ. ಹಿಂದೆ ಬೆಂಕಿಪುರವೆನಿಸಿದ್ದ ಆ ಭದ್ರಾ ತೀರದ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಕೆಲಸವಾರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತವನ್ನು ವಹಿಸಿಕೊಂಡು ನಿಲ್ಲಿಸಿದರು. ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿಗೆ ಬರುತ್ತಿತ್ತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂದಿತು. ನಾವು ಹೋದಾಗ ಅದು ನಡೆಯುತ್ತಿತ್ತು, ಕಳೆದ ದಶಕದಲ್ಲಿ ಅದರ ಉತ್ಪಾದನೆ ನಿಂತುಹೋಯಿತು. ತಾಲೂಕಿನ ಹಳ್ಳಿಗಳಲ್ಲಿ ಭತ್ತ, ಅಡಕೆಗಳಿದ್ದರೂ ಊರೊಳಗಿನ ಕಾರ್ಮಿಕರ ವಸತಿಗಳಲ್ಲಿ ತಮಿಳು, ತೆಲುಗು, ಉರ್ದು, ಮಲಯಾಳ ಎಲ್ಲವೂ ಕೇಳಿಸುತ್ತಿದ್ದವು. ಗಡಿಯಾರವನ್ನು ನೋಡದೆ ಪಾಳಿಯ ಸೈರನ್ನಿನಿಂದಲೇ ಹೊತ್ತನ್ನು ಅರಿಯುವ ಮನೆಗಳು ಅವು.

ಆ ಶಾಲೆಯ ಮಕ್ಕಳ ಅಂಕಗಳು ಬಹಳ ಕಡಿಮೆ ಬಂದವು. ನಡುವೆ ಪ್ರಶ್ನೆಯಿದ್ದ ಗುಂಪಿನಲ್ಲಿಯೂ ಕಡಿಮೆ, ಇಲ್ಲದ ಗುಂಪಿನಲ್ಲಿಯೂ ಕಡಿಮೆ. ಒಬ್ಬ ಹುಡುಗನಿಗೆ ಸೊನ್ನೆ. ಕಾವಿಯುಟ್ಟವರು ಬಂದು ಮಾಡಿದ ಪರೀಕ್ಷೆಯೆಂದು ಶಾಲೆಯವರಿಗೆ ಅದರಲ್ಲಿ ಅತಿಯಾದ ಗೌರವ. "ಯಾರು ಯಾರು ಹಿಂದೆ ಇದ್ದಾರೆ ಎಂದು ಒಂದು ಪಟ್ಟಿ ಕೊಟ್ಟರೆ ನಮಗೂ ಅನುಕೂಲ" ಎಂದು ಕೇಳಿದರು. ನಾವು ಹಿಂದುಮುಂದು ಯೋಚಿಸದೆ ಹೆಸರು, ಅಂಕಗಳನ್ನು ದುಂಡಗೆ ಬರೆದು ಕೊಟ್ಟುಬಿಟ್ಟೆವು. ಬಿನೆ ಅವರು ತಮ್ಮ ಪರೀಕ್ಷೆಯನ್ನು ರಚಿಸಿದ್ದು ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಿ ನೆರವಾಗಲೆಂದೇ ಹೊರತು ಹಣೆಯ ಮೇಲೆ ಮುದ್ರೆ ಒತ್ತಲೆಂದಲ್ಲ ಎಂಬುದನ್ನು ನಾವು ಓದಿದ್ದೆವು. ಆ ದಿನ ಅದು ನೆನಪಿಗೆ ಬರಲಿಲ್ಲ.

ಮೂರು ವಾರಗಳ ಮೇಲೆ ಒಂದು ಸಂಜೆ, ಒಬ್ಬ ತಂದೆ ಆ ಸೊನ್ನೆಯ ಹುಡುಗನನ್ನು ಕೈಹಿಡಿದು ಕರೆದುಕೊಂಡು ಶಿವಮೊಗ್ಗದಲ್ಲಿ ನಾವಿದ್ದ ಮಠಕ್ಕೆ ಬಂದರು. ಕಾರ್ಖಾನೆಯಲ್ಲಿ ಗುತ್ತಿಗೆಯ ಕೂಲಿ ಮಾಡುವವರು, ಮನೆಮಾತು ತಮಿಳು. ರಾತ್ರಿಪಾಳಿ ಮುಗಿಸಿ ಮಲಗದೆ ಬಂದಿದ್ದ ಕಣ್ಣುಗಳು. ನಿಂತುಕೊಂಡೇ ಹೇಳಿದರು: "ಸ್ವಾಮಿಗಳೇ, ಇವನಿಗೆ ಓದು ಹತ್ತಲ್ಲ ಅಂತ ಸ್ಕೂಲಲ್ಲಿ ಹೇಳಿದ್ರು. ನಿಮ್ಮ ಪರೀಕ್ಷೇಲೇ ಗೊತ್ತಾಯ್ತಂತೆ. ಏಳನೇದಕ್ಕೇ ಬಿಡಿಸಿ ಗ್ಯಾರೇಜಿಗೆ ಹಾಕ್ಲಾ? ನೀವು ಹೇಳಿದಂಗೆ ಮಾಡ್ತೀನಿ."

ನಮ್ಮ ಕೈಕಾಲು ತಣ್ಣಗಾದವು. ನೆನಪಿನ ಶಕ್ತಿಯನ್ನು ಕುರಿತ ಪ್ರಬಂಧಕ್ಕಾಗಿ ಬರೆದ ಒಂದು ಪಾಠವು ಒಬ್ಬ ಬಾಲಕನ ಬಾಳಿನ ದಾರಿಯನ್ನು ನಿರ್ಣಯಿಸುವ ಸ್ಥಿತಿಗೆ ಬಂದುಬಿಟ್ಟಿತ್ತು. ಒಳಗೆ ಹೋಗಿ ಆ ಹುಡುಗನ ಉತ್ತರಪತ್ರಿಕೆಯನ್ನು ಹುಡುಕಿ ತಂದು, ಮೊದಲ ಬಾರಿಗೆ ಅಂಕಗಳನ್ನು ಬಿಟ್ಟು ಉತ್ತರಗಳನ್ನು ಓದಿದೆವು.

'ಕೊನೆಗಾರನು ಯಾರು?' ಎಂಬ ಪ್ರಶ್ನೆಗೆ 'ಎಲ್ಲರಿಗಿಂತ ಕೊನೆಗೆ ಬರುವವನು' ಎಂದು ಬರೆದಿದ್ದ. ನಾವು ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದಿದ್ದೆವು. 'ಸರಕು ಎಂದರೇನು?' ಎಂಬುದಕ್ಕೆ 'ಲಾರಿಯಲ್ಲಿ ತುಂಬುವುದು'. ಅದಕ್ಕೂ ಅಡ್ಡಗೆರೆ. 'ಹಾಳೆಯ ಎರಡು ಉಪಯೋಗಗಳನ್ನು ಬರೆ' ಎಂಬುದಕ್ಕೆ 'ಬರೆಯಬಹುದು, ಪುಸ್ತಕಕ್ಕೆ ಹೊದಿಕೆ ಹಾಕಬಹುದು'. ಅದಕ್ಕೂ ಅಡ್ಡಗೆರೆ.

"ಹಾಳೆ ಎಂದರೆ ಏನಪ್ಪಾ?" ಎಂದು ಕೇಳಿದೆವು. ಹುಡುಗನು ಹೆದರುತ್ತಲೇ, "ಕಾಗದ ಅಲ್ವಾ ಸ್ವಾಮಿ?" ಎಂದ. ಪಕ್ಕದಲ್ಲಿದ್ದ ಮಠದ ಸೇವಕರು "ಸ್ವಾಮಿ ಅಲ್ಲ, ಬುದ್ಧೀ ಅನ್ನಬೇಕು" ಎಂದು ತಿದ್ದಿದರು. ಅವನು ತಿದ್ದಿಕೊಂಡು, "ಕಾಗದ, ಬುದ್ಧೀ" ಎಂದ. ಭಕ್ತರು ಪ್ರೀತಿಯಿಂದ ಕರೆಯುವ ಆ ಶಬ್ದವನ್ನು ಅಂದು ಕೇಳಿ ನಮಗೆ ನಾಚಿಕೆಯಾಯಿತು. ಕಾಗದದ ಕಾರ್ಖಾನೆಯ ಊರಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಹಾಳೆಯೆಂದರೆ ಕಾಗದವಲ್ಲದೆ ಅಡಕೆ ಮರದಿಂದ ಉದುರುವ ಹಾಳೆ ಹೇಗಾದೀತು? ಕೊನೆಯೆಂದರೆ ಅಂತ್ಯವೆಂದೇ ಅವನಿಗೆ ಗೊತ್ತು. ಮಲೆನಾಡಿನ ತೋಟದ ಭಾಷೆಯಲ್ಲಿ ಅದು ಅಡಕೆಯ ಗೊನೆಯೆಂದು ಅವನಿಗೆ ಯಾರು ಹೇಳಿದ್ದರು? ನಮ್ಮ ಪಾಠವು ಹೇಳಿರಲಿಲ್ಲ. ನಮಗೆ ಗೊತ್ತಿದ್ದುದು ಎಲ್ಲರಿಗೂ ಗೊತ್ತೆಂದು ನಾವು ಭಾವಿಸಿದ್ದೆವು. ಅವನಾದರೋ ತಿಳಿಯದ ಪಾಠದ ಎದುರಿಗೆ ಸುಮ್ಮನೆ ಕೂರದೆ, ತನಗೆ ತಿಳಿದ ಕನ್ನಡದಿಂದ ಪ್ರತಿಯೊಂದಕ್ಕೂ ಯುಕ್ತವಾದ ಉತ್ತರವನ್ನು ಹುಡುಕಿದ್ದ.

ಬಳಿಕ, "ನಿಮ್ಮ ತಂದೆಯವರು ಏನು ಕೆಲಸ ಮಾಡುತ್ತಾರೆ? ಕಬ್ಬಿಣ ಹೇಗೆ ಮಾಡುತ್ತಾರೆ, ಗೊತ್ತೇ?" ಎಂದು ಕೇಳಿದೆವು. ಅವನು ಒಮ್ಮೆ ತಂದೆಯ ಮುಖ ನೋಡಿ ಹೇಳತೊಡಗಿದ: "ಫರ್ನೇಸಿಗೆ ಮೇಲಿಂದ ಅದಿರು, ಕೋಕು, ಸುಣ್ಣದ ಕಲ್ಲು ಹಾಕ್ತಾರೆ. ಕೆಳಗಿಂದ ಬಿಸಿ ಗಾಳಿ ಊದ್ತಾರೆ. ಎಲ್ಲಾ ಕರಗತ್ತೆ. ಕಬ್ಬಿಣ ಭಾರ, ಅದಕ್ಕೆ ಕೆಳಗೆ ನಿಲ್ಲತ್ತೆ. ಸ್ಲ್ಯಾಗು ಹಗುರ, ಮೇಲೆ ತೇಲತ್ತೆ. ಅದಕ್ಕೇ ಎರಡಕ್ಕೂ ಬೇರೆ ಬೇರೆ ತೂತು ಇರ್ತಾವೆ." ಹಂತಗಳು ತಪ್ಪಲಿಲ್ಲ. ಪ್ರತಿ ಹಂತಕ್ಕೂ ಕಾರಣವನ್ನು ತಾನಾಗಿಯೇ ಸೇರಿಸಿ ಹೇಳಿದ. ನಮ್ಮ ಅಡಕೆಯ ಪಾಠದಲ್ಲಿ ನಾವು ಅಳೆಯಬಯಸಿದ್ದು ಇದನ್ನೇ ಅಲ್ಲವೇ? ಒಂದು ಕ್ರಿಯೆಯ ಹಂತಗಳನ್ನೂ ಅವುಗಳ ಕಾರಣಗಳನ್ನೂ ನೆನಪಿಟ್ಟು ಹೇಳುವ ಶಕ್ತಿಯನ್ನು? ಅದು ಅವನಲ್ಲಿ ತುಂಬಿ ತುಳುಕುತ್ತಿತ್ತು.

ಆ ತಂದೆಗೆ ನಾವು ಕೈಮುಗಿದು, "ತಪ್ಪು ನಿಮ್ಮ ಮಗನದಲ್ಲ, ನಮ್ಮ ಪಾಠದ್ದು. ಅವನನ್ನು ಓದಿಸಿರಿ" ಎಂದೆವು. ಪ್ರಸಾದ ಮಾಡಿಕೊಂಡು ಅವರಿಬ್ಬರೂ ರಾತ್ರಿಯ ಬಸ್ಸಿಗೆ ಹೊರಟರು. ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಹಿರಿಯ ಗುರುಗಳು ನಮ್ಮನ್ನು ಕರೆದು ಕೇಳಿದ್ದು ಒಂದೇ ಮಾತು: "ಆ ಪಟ್ಟಿ ಈಗ ಎಲ್ಲಿದೆ?" ಶಾಲೆಯಲ್ಲಿದೆ ಎಂದೆವು. "ಈ ಹುಡುಗನ ತಂದೆ ಬಂದರು. ಬರಲಾಗದವರು ಎಷ್ಟು ಜನ ಇದ್ದಾರೋ!" ಎಂದು ಎದ್ದು ಒಳಗೆ ಹೋದರು.

ಮರುದಿನ ಮೊದಲ ಬಸ್ಸಿಗೇ ಭದ್ರಾವತಿಗೆ ಹೋಗಿ ಶಾಲೆಯವರನ್ನು ಕಂಡು, ಪಟ್ಟಿಯನ್ನು ಹಿಂದಕ್ಕೆ ಪಡೆದೆವು. ಶಿಕ್ಷಕರೆಲ್ಲರ ಎದುರಿನಲ್ಲಿ ನಮ್ಮ ಪಾಠದ ದೋಷವನ್ನು ವಿವರಿಸಿದೆವು. ಅವರು ಸಜ್ಜನರು, ಒಪ್ಪಿಕೊಂಡರು. ಮಾರ್ಗದರ್ಶಕರಿಗೆ ಹೇಳುವುದು ಇನ್ನೂ ಕಷ್ಟವಾಗಿತ್ತು. ಅವರು ಎಲ್ಲವನ್ನೂ ಕೇಳಿ, "ಹಾಗಾದರೆ ಈ ಅಂಕಿಅಂಶಗಳೆಲ್ಲ ಹೋದವು. ಒಂದು ವರ್ಷ ಹೋಯಿತು. ಮತ್ತೆ ಬರೆಯಿರಿ" ಎಂದರು. ಮತ್ತೆ ಬರೆದೆವು.

ಈ ಸಲ ಮೂರು ಪಾಠಗಳು. ಒಂದು ಅಡಕೆಯದು, ಒಂದು ಕಬ್ಬಿಣದ್ದು. ಮೂರನೆಯದು ಕಡಲ ನೀರಿನಿಂದ ಉಪ್ಪು ತೆಗೆಯುವುದನ್ನು ಕುರಿತದ್ದು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಎರಡೂ ಊರಿನ ಮಕ್ಕಳು ಕಂಡಿರಲಿಲ್ಲವಾದುದರಿಂದ ಅದು ಇಬ್ಬರಿಗೂ ಸಮಾನವಾಗಿ ಹೊಸದು. ಮೂರಕ್ಕೂ ಒಂದೇ ಉದ್ದ, ಅಷ್ಟೇ ಹಂತಗಳು, ಅಷ್ಟೇ ಹೊಸ ಪದಗಳು, ಅಷ್ಟೇ ಪ್ರಶ್ನೆಗಳು. ಹೊಸ ಪದ ಬಂದಲ್ಲೆಲ್ಲ ಪಾಠದೊಳಗೇ ಅದರ ಅರ್ಥ. ಪ್ರತಿಯೊಂದು ಮಗುವೂ ಎಲ್ಲ ಪಾಠಗಳನ್ನು ಓದುವುದು. ಆದರೆ ಯಾವ ಪಾಠದ ನಡುವೆ ಪ್ರಶ್ನೆಗಳಿರುತ್ತವೆ, ಯಾವುದು ಮೊದಲು ಬರುತ್ತದೆ ಎಂಬುದನ್ನು ಗುಂಪಿನಿಂದ ಗುಂಪಿಗೆ ಅದಲುಬದಲು ಮಾಡುವುದು. ಹೀಗೆ ಮಾಡಿದರೆ ಒಂದು ಪಾಠದ ಸುಲಭತೆಯೋ ಕಷ್ಟವೋ ವಿಧಾನದ ಗುಣವೆಂದು ತಪ್ಪಾಗಿ ಕಾಣಿಸಿಕೊಳ್ಳುವುದಿಲ್ಲ.

ಬರೆಯುವ ಮೊದಲು ಮಕ್ಕಳನ್ನು ಕೇಳಿದೆವು. ಇದೇ ದೊಡ್ಡ ಬದಲಾವಣೆ. ಕಬ್ಬಿಣದ ಪಾಠದ ಮೊದಲ ಕರಡಿನಲ್ಲಿ ನಾವು 'ಊದುಕುಲುಮೆ' ಎಂದೂ 'ಕಿಟ್ಟ' ಎಂದೂ ಬರೆದಿದ್ದೆವು. ಪಾಠಶಾಲೆಯ ಅಭ್ಯಾಸ ಅಷ್ಟು ಬೇಗ ಬಿಡುವುದೇ? ಭದ್ರಾವತಿಯ ಹುಡುಗರು ಓದಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ವಿವರಿಸಿದಾಗ, "ಓ, ಸ್ಲ್ಯಾಗಾ!" ಎಂದು ನಕ್ಕರು. ಕಾರ್ಖಾನೆಯ ಪಕ್ಕದಲ್ಲಿ ಹುಟ್ಟಿದವರಿಗೆ ಕಾರ್ಖಾನೆಯ ಪಾಠವೇ ತಿಳಿಯದಂತೆ ಬರೆಯುವ ಸಾಮರ್ಥ್ಯ ನಮ್ಮ ಪಾಂಡಿತ್ಯಕ್ಕೆ ಇತ್ತು! 'ಪರಿಪಕ್ವ', 'ಸಂಸ್ಕರಣೆ', 'ಶ್ರೇಣೀಕರಣ' ಎಂಬಂಥ ಪದಗಳನ್ನು ಅಡಕೆಯ ಪಾಠದಿಂದಲೂ ತೆಗೆದುಹಾಕಿದೆವು. ಈ ಬಾರಿ ಪಾಠವನ್ನು ನಮ್ಮ ಪ್ರಸಾದ ನಿಲಯದಲ್ಲಿಯೂ, ಕಾರ್ಮಿಕರ ವಸತಿಯ ಒಂದು ಮನೆಯ ಜಗಲಿಯಲ್ಲಿಯೂ ಪರೀಕ್ಷಿಸಿದೆವು.

ಫಲ ಹೇಗಿತ್ತೆಂಬುದನ್ನು ಬಹಳ ವಿಸ್ತರಿಸುವುದಿಲ್ಲ. ಅಡಕೆಯಲ್ಲಿ ಶಿವಮೊಗ್ಗದ ಮಕ್ಕಳು ಮುಂದೆ. ಕಬ್ಬಿಣದಲ್ಲಿ ಭದ್ರಾವತಿಯ ಮಕ್ಕಳು ಮುಂದೆ. ಮೊದಲ ಸಲ ಜಾಣರೆಂದು ನಾವು ಮೆಚ್ಚಿದ್ದ ಕೆಲವರು ಕಬ್ಬಿಣದ ಎದುರಿಗೆ ತಡವರಿಸಿದರು. ಉಪ್ಪಿನ ಪಾಠದಲ್ಲಿ ಎರಡು ಊರುಗಳ ನಡುವಣ ಅಂತರವು ಹುಡುಕಿದರೂ ಕಾಣದಷ್ಟು ಕಿರಿದಾಯಿತು. ನಡುವೆ ಪ್ರಶ್ನೆಗಳಿದ್ದರೆ ನೆನಪಿಗೆ ನೆರವಾಗುವುದೆಂಬುದೂ ಕಂಡಿತು; ಆದರೆ ಆ ವೇಳೆಗೆ ನಮಗೆ ಅದಕ್ಕಿಂತ ದೊಡ್ಡ ವಿಷಯ ಮನದಟ್ಟಾಗಿತ್ತು.

ನಾವೇನೋ ಹೊಸದನ್ನು ಕಂಡುಹಿಡಿದೆವೆಂಬ ಭಾವನೆಯೂ ಹೆಚ್ಚು ಕಾಲ ಉಳಿಯಲಿಲ್ಲ. 1988ರಲ್ಲಿಯೇ ಅಮೆರಿಕದ ರೆಕ್ಟ್ ಮತ್ತು ಲೆಸ್ಲಿ ಎಂಬಿಬ್ಬರು ಅಲ್ಲಿನ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಿಸಿ ಇದೇ ತತ್ತ್ವವನ್ನು ತೋರಿಸಿದ್ದರೆಂದು ಆಮೇಲೆ ಓದಿ ತಿಳಿದೆವು. ಓದಿನಲ್ಲಿ ಹಿಂದುಳಿದವರೆನಿಸಿದರೂ ಆಟವನ್ನು ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟವನ್ನರಿಯದ ಮಕ್ಕಳಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಅವರಿಗೆ ಬೇಸ್‌ಬಾಲ್, ನಮಗೆ ಅಡಕೆ ಮತ್ತು ಕಬ್ಬಿಣ. ಆ ಲೇಖನ ಮೊದಲೇ ಕೈಗೆ ಸಿಕ್ಕಿದ್ದರೆ ನಮಗೆ ಒಂದು ವರ್ಷ ಉಳಿಯುತ್ತಿತ್ತೇನೋ. ಆದರೆ ಆ ತಂದೆಯ ಮುಖವನ್ನು ನೋಡದಿದ್ದರೆ ಅದನ್ನೂ ನಾವು ಪರೀಕ್ಷೆಗಾಗಿ ಓದಿ ಮರೆಯುತ್ತಿದ್ದೆವೆಂದೇ ತೋರುತ್ತದೆ.

ಅಂದಿನಿಂದೀಚೆಗೆ ಕನ್ನಡದಲ್ಲಿ ಈ ಕ್ಷೇತ್ರವು ಬಹಳ ಮುಂದುವರಿದಿದೆ. ನಾವು ತೊಡಕಿಗೆ ಸಿಲುಕುವ ಮುನ್ನವೇ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 'ನಲಿಕಲಿ' ಆರಂಭವಾಗಿತ್ತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮಶಾಲೆಗಳಿಂದ ಸ್ಫೂರ್ತಿ ಪಡೆದ ಶಿಕ್ಷಕರು ತಾವೇ ಕುಳಿತು ಕಲಿಕೆಯ ಮೆಟ್ಟಿಲುಗಳನ್ನೂ ಕಾರ್ಡುಗಳನ್ನೂ ರೂಪಿಸಿದರು. ಅದು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಿತು. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಮಕ್ಕಳಿಗೆ ಅಕ್ಷರಗಳೆಲ್ಲ ಕೈವಶವಾಗಲು ಪ್ರಾಥಮಿಕ ತರಗತಿಗಳ ಹಲವು ವರ್ಷಗಳೇ ಬೇಕೆಂದು ತೋರಿಸಿದರು. ಇಂಗ್ಲಿಷಿನ 26 ಅಕ್ಷರಗಳ ಲೆಕ್ಕವನ್ನು, ಕಾಗುಣಿತ ಒತ್ತಕ್ಷರಗಳು ಸೇರಿ ನೂರಾರು ರೂಪಗಳಿರುವ ಕನ್ನಡಕ್ಕೆ ಹಚ್ಚಿ, ಎರಡನೆಯ ತರಗತಿಯ ಮಗುವನ್ನು ಮಂದವೆಂದು ಕರೆದರೆ ನಾವು ಮಾಡಿದ ತಪ್ಪನ್ನೇ ಇನ್ನೊಂದು ರೀತಿಯಲ್ಲಿ ಮಾಡಿದಂತಾಗುತ್ತದೆ.

ಈ ಕಥೆಯನ್ನೆಲ್ಲ ಕೇಳಿದ ನಮ್ಮ ಹಳೆಯ ವಿದ್ಯಾರ್ಥಿಯು ತಮ್ಮ ಕಾರ್ಡುಗಳನ್ನು ಮತ್ತೆ ಕೈಗೆತ್ತಿಕೊಂಡು ಒಂದೊಂದಾಗಿ ನೋಡತೊಡಗಿದರು. ಹದಿನೈದನೆಯ ಕಾರ್ಡಿನಲ್ಲಿ ಕಣಜದ ಚಿತ್ರವಿತ್ತು. "ಬುದ್ಧೀ, ನಾನು ಹೋಗುವ ಶಾಲೆಯ ಮಕ್ಕಳು ಕಣಜ ಕಂಡಿರಲಿಕ್ಕಿಲ್ಲ" ಎಂದರು. "ನಮ್ಮನ್ನೇಕೆ ಕೇಳುತ್ತೀರಿ? ಅವರನ್ನು ಕೇಳಿರಿ" ಎಂದೆವು. ಸೋಮವಾರದ ಪ್ರಯೋಗವನ್ನು ಮುಂದಕ್ಕೆ ಹಾಕಿ, ಬರಿಗೈಯಲ್ಲಿ ಆ ಶಾಲೆಗೆ ಹೋಗಿ ಎರಡು ದಿನ ಮಕ್ಕಳ ಜೊತೆ ಮಾತಾಡಿ ಬರುತ್ತೇನೆಂದು ಹೇಳಿ ಹೋದರು. ಹೊರಡುವಾಗ ನಾಲ್ಕು ಮಾತುಗಳನ್ನು ಹೇಳಿ ಕಳುಹಿಸಿದೆವು. ನಿಮ್ಮವರಲ್ಲದ ಮಕ್ಕಳ ಮೇಲೆ ಮೊದಲು ಪರೀಕ್ಷಿಸಿ ನೋಡಿರಿ. ತಪ್ಪು ಉತ್ತರಗಳನ್ನು ಎಣಿಸುವ ಮುನ್ನ ಓದಿರಿ. ಹೆಸರಿನ ಬದಲು ಸಂಖ್ಯೆಗಳನ್ನು ಬಳಸಿರಿ. ಯಾರು ಕೇಳಿದರೂ ಪಟ್ಟಿ ಕೊಡಬೇಡಿರಿ.

ಆ ಬಾಲಕನು ಏನಾದನೆಂದು ಶಿಷ್ಯಬಂಧುಗಳು ಕೇಳಬಹುದು. ಮುಂದಿನ ಜೂನ್ ತಿಂಗಳಲ್ಲಿ ಅವನು ಎಂಟನೆಯ ತರಗತಿಗೆ ಸೇರಿದನೆಂದು ತಿಳಿದುಬಂತು. ಎರಡು ವರ್ಷಗಳ ಬಳಿಕ ನಾವು ವಿಚಾರಿಸಿದಾಗ ಆ ಕುಟುಂಬವು ಊರು ಬಿಟ್ಟು ಹೋಗಿತ್ತು. ಅಷ್ಟನ್ನೇ ನಾವು ಬಲ್ಲೆವು. ಅವನ ಉತ್ತರಪತ್ರಿಕೆ ಮಾತ್ರ ನಮ್ಮ ಪುಸ್ತಕದ ಪೆಟ್ಟಿಗೆಯಲ್ಲಿ ಇಂದಿಗೂ ಇದೆ. ಮಠದ ಶಾಲೆಗಳಿಗೆ ಹೊಸ ಶಿಕ್ಷಕರು ಸೇರಿದಾಗ ಅದನ್ನು ತೆಗೆದು, ಹೆಸರನ್ನು ಮುಚ್ಚಿ, ಅವರ ಕೈಗೆ ಕೊಡುತ್ತೇವೆ. ಹಾಳೆಯ ಮೇಲೆ ಬರೆಯಬಹುದೆಂದು ಬರೆದ ಮಗುವಿಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುತ್ತೇವೆ. ಕೆಲವರು ಸೊನ್ನೆ ಎನ್ನುತ್ತಾರೆ, ಕೆಲವರು ಪೂರ್ಣಾಂಕ ಎನ್ನುತ್ತಾರೆ. "ಪಾಠ ಬರೆದವರು ಯಾರು?" ಎಂದು ಮರುಪ್ರಶ್ನೆ ಹಾಕುವವರು ಅಪರೂಪಕ್ಕೊಬ್ಬರು. ಶ್ರೀಮಠದಲ್ಲಿ ಉಂಡು ಓದಿ ಇಂದು ನಾಡಿನ ಶಾಲೆಗಳಲ್ಲಿ ಮಕ್ಕಳ ಮುಂದೆ ನಿಂತಿರುವ ನಮ್ಮ ಶಿಷ್ಯಬಂಧುಗಳೆಲ್ಲರೂ ಆ ಅಪರೂಪದವರ ಸಾಲಿಗೆ ಸೇರಲಿ ಎಂಬುದೇ ನಮ್ಮ ಹಾರೈಕೆ.